ಬಾಳೆಹಣ್ಣು ತೇಲುತ್ತದೆಯೇ?

ಯಾನ್ ಮಾರ್ಟೆಲ್‌ನ ‘ಲೈಫ್ ಆಫ್ ಪೈ’ (2001) ಓದಿದವರು ಸಾಮಾನ್ಯವಾಗಿ ಹುಲಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮೊದಲು ನೆನಪಾಗುವುದು ಕೈತೊಳೆಯುವ ಬೇಸಿನ್ನು, ಅದರಲ್ಲಿ ಬಾಳೆಹಣ್ಣು. ಪುಸ್ತಕ ಓದದವರಿಗಾಗಿ ಎರಡು ಮಾತು. ಹಡಗು ಮುಳುಗಿದ ಮೇಲೆ ಪಾಂಡಿಚೇರಿಯ ಹುಡುಗ ಪೈ ಪಟೇಲ್ 227 ದಿನ ಜೀವರಕ್ಷಕ ದೋಣಿಯಲ್ಲಿ, ಹುಲಿಯೊಂದರ ಜೊತೆ ಕಳೆದು ಮೆಕ್ಸಿಕೋ ತೀರ ಸೇರುತ್ತಾನೆ. ವಿಚಾರಣೆಗೆ ಬಂದ ಇಬ್ಬರು ಜಪಾನೀ ಅಧಿಕಾರಿಗಳಿಗೆ ಅವನ ಕತೆಯ ಮೇಲೆ ನಂಬಿಕೆ ಬರುವುದಿಲ್ಲ. ಒರಾಂಗುಟಾನ್ ಬಾಳೆಹಣ್ಣಿನ ರಾಶಿಯ ಮೇಲೆ ಕೂತು ಬಂತಂತೆ, ಬಾಳೆಹಣ್ಣು ತೇಲುವುದುಂಟೇ ಎಂದು ಅವರ ತಕರಾರು. ನೀವೇ ಪರೀಕ್ಷಿಸಿ ಎನ್ನುತ್ತಾನೆ ಪೈ. ಬೇಸಿನ್ನಿಗೆ ನೀರು ತುಂಬಿ ನೋಡುತ್ತಾರೆ. ಹಣ್ಣು ತೇಲುತ್ತದೆ!

ಕಾದಂಬರಿಯ ಇಡೀ ವಾದ ಈ ಪುಟ್ಟ ಪ್ರಯೋಗದಲ್ಲಿದೆ. ಒಂದು ಸಂಶಯ ಬಿದ್ದುಹೋಯಿತು, ನಿಜ. ಆದರೆ ಹಣ್ಣು ತೇಲುವುದು ಬೇರೆ, ಅದು ಒರಾಂಗುಟಾನನ್ನು ಹೊತ್ತು ತೇಲುವುದು ಬೇರೆ. ನಂಬುವ ಕೆಲಸ ಓದುಗನಿಗೇ ಉಳಿಯುತ್ತದೆ.

2012ರಲ್ಲಿ ಆಂಗ್ ಲೀ ಇದನ್ನು ಚಲನಚಿತ್ರ ಮಾಡಿದರು. ಬಾಳೆಹಣ್ಣಿನ ತಕರಾರು ಅಲ್ಲೂ ಇದೆ, ಬೇಸಿನ್ನಿನ ಪ್ರಯೋಗ ಇಲ್ಲ. ಬೇಕಾಗಿಯೂ ಇಲ್ಲ. ಒರಾಂಗುಟಾನ್ ತೇಲಿಬರುವುದನ್ನು ನಾವು ಆಗಲೇ ಕಣ್ಣಾರೆ ನೋಡಿರುತ್ತೇವೆ.

ಈ ‘ಕಣ್ಣಾರೆ’ ಅನ್ನುವುದು ಹೇಗೆ ತಯಾರಾಯಿತು? ತೈವಾನಿನ ತೈಚುಂಗ್ ನಗರದ ಹಳೆಯ ವಿಮಾನ ನಿಲ್ದಾಣದಲ್ಲಿ ಸುಮಾರು 17 ಲಕ್ಷ ಗ್ಯಾಲನ್ ನೀರಿನ ತೊಟ್ಟಿ ಕಟ್ಟಿ, ಅದರಲ್ಲಿ ಅಲೆ ಎಬ್ಬಿಸಿ ದೋಣಿ ಬಿಟ್ಟರು. ತೊಟ್ಟಿಯಾಚೆಯ ಸಮುದ್ರ, ಆಕಾಶ, ಬಹುಪಾಲು ಹುಲಿ, ಇವೆಲ್ಲ ಗಣಕದಲ್ಲಿ ಹುಟ್ಟಿದವು. ಆ ಕೆಲಸದ ಮುಂದಾಳು ರಿದಮ್ ಅಂಡ್ ಹ್ಯೂಸ್ ಸಂಸ್ಥೆ.

ನಮ್ಮ ಬಳಗದಲ್ಲಿ ಹೊಟ್ಟೆಪಾಡಿಗೆ ಗಣಕ ನಂಬಿದವರೇ ಹೆಚ್ಚು. ಹಾಗಾಗಿ ಒಳಗಿನ ಕಸುಬನ್ನು ಸ್ವಲ್ಪ ಹೇಳಿದರೆ ಬೇಸರವಾಗಲಾರದು. ದೂರದ ಕಡಲನ್ನು ನೂರಾರು ಅಲೆಗಳ ಮೊತ್ತವಾಗಿ ಲೆಕ್ಕ ಹಾಕಬಹುದು. ಅದಕ್ಕೆ ಮೇಲ್ಮೈ ಉಂಟು, ಆಳವಿಲ್ಲ. ಅದರ ಮೇಲೆ ದೋಣಿ ಇಟ್ಟರೆ ಅಂಟಿಸಿದ ಚಿತ್ರದಂತೆ ಕಾಣುತ್ತದೆ. ನಿಜವಾಗಿ ತೇಲಬೇಕಾದರೆ ವಸ್ತುವಿನ ಸುತ್ತಲ ನೀರನ್ನು ಲಕ್ಷಾಂತರ ಕಣಗಳಾಗಿ ಒಡೆದು, ಒಂದೊಂದು ಚೌಕಟ್ಟಿಗೂ ಒತ್ತಡ, ವೇಗಗಳನ್ನು ಎಣಿಸಬೇಕು. ನೀರು ವಸ್ತುವನ್ನು ತಳ್ಳಬೇಕು, ವಸ್ತುವೂ ನೀರನ್ನು ತಿರುಗಿ ತಳ್ಳಬೇಕು. ಈ ಎರಡನೆಯದು ತಪ್ಪಿದರೆ ಭಾರವೇ ಕಾಣುವುದಿಲ್ಲ. ಹರಿಗೋಲು ಹತ್ತಿದವರಿಗೆ ಇದು ಗೊತ್ತು: ಒಬ್ಬರು ಜಾಗ ಬದಲಿಸಿದರೆ ಉಳಿದವರ ಎದೆ ಧಸಕ್ ಎನ್ನುತ್ತದೆ. ಆಂಗ್ ಲೀ ಚಿತ್ರದಲ್ಲಿ ಆ ಭಾರ ಇದೆ. ಇಲ್ಲದ ಹುಲಿ ಹೆಜ್ಜೆಯಿಟ್ಟಾಗಲೂ ದೋಣಿ ಅದನ್ನು ಹೊತ್ತಿದೆ ಅನ್ನಿಸುತ್ತದೆ. 2013ರಲ್ಲಿ ವಿಶುಯಲ್ ಎಫೆಕ್ಟ್ಸ್‌ಗೆ ಬಂದ ಆಸ್ಕರ್ ಪುಕ್ಕಟೆ ಬಂದದ್ದಲ್ಲ.

ಆದರೆ ಗಮನಿಸಿ. ಹೂಡಿನಿಯಂಥ ತಂತ್ರಾಂಶದಲ್ಲಿ ವಸ್ತು ತೇಲುವುದೋ ಮುಳುಗುವುದೋ ಅನ್ನುವುದು ಅದಕ್ಕೆ ಕೊಡುವ ಸಾಂದ್ರತೆಯ ಅಂಕಿಯ ಮೇಲೆ ನಿಂತಿದೆ. ನೀರಿಗಿಂತ ಕಡಿಮೆ ಕೊಟ್ಟರೆ ತೇಲುತ್ತದೆ, ಹೆಚ್ಚು ಕೊಟ್ಟರೆ ಮುಳುಗುತ್ತದೆ. ಕಬ್ಬಿಣದ ಗುಂಡಿಗೆ ಬಾಳೆಹಣ್ಣಿನ ಅಂಕಿ ಕೊಟ್ಟರೆ ಅದೂ ಠೀವಿಯಿಂದ ತೇಲುತ್ತದೆ. ತಕರಾರು ಎತ್ತಲು ಅಲ್ಲಿ ಜಪಾನೀ ಅಧಿಕಾರಿಗಳಿಲ್ಲ. ಬೇಸಿನ್ನಿನಲ್ಲಿ ಹಣ್ಣು ಮುಳುಗಬಹುದಿತ್ತು, ಅದಕ್ಕೇ ಅದು ಪರೀಕ್ಷೆ. ತೆರೆಯ ಮೇಲೆ ತೇಲುವುದು ಯಾವುದಕ್ಕೂ ಸಾಕ್ಷಿಯಲ್ಲ, ಆದರೂ ಕಣ್ಣು ಅದನ್ನು ಸಾಕ್ಷಿ ಎಂದೇ ಒಪ್ಪಿಕೊಳ್ಳುತ್ತದೆ.

ನನ್ನ ಆಕ್ಷೇಪ ಇಲ್ಲಿದೆ. ಅಧಿಕಾರಿಗಳಿಗಾಗಿ ಪೈ ಎರಡನೆಯ ಕತೆಯೊಂದನ್ನು ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳಿಲ್ಲ, ಅಡುಗೆಯವನು, ನಾವಿಕ, ತಾಯಿ, ಕೊಲೆ. ಯಾವ ಕತೆ ಲೇಸು ಎಂದು ಆಮೇಲೆ ಕೇಳುತ್ತಾನೆ. ಪುಸ್ತಕದಲ್ಲಿ ಎರಡೂ ಕತೆಗಳು ಬರೀ ಅಕ್ಷರ, ತಕ್ಕಡಿ ಸಮ. ಚಿತ್ರದಲ್ಲಿ ಮೊದಲ ಕತೆಗೆ ಇಡೀ ಶಾಂತ ಸಾಗರ ಸಿಕ್ಕಿದೆ, ಎರಡನೆಯದಕ್ಕೆ ಆಸ್ಪತ್ರೆಯ ಮಂಚ ಮತ್ತು ಸೂರಜ್ ಶರ್ಮನ ಮುಖ ಮಾತ್ರ.

ಆ ಬರಿಯ ಮುಖವೇ ಸಾಗರಕ್ಕಿಂತ ಹೆಚ್ಚು ಕಲಕುತ್ತದೆ ಎಂದು ವಾದಿಸುವವರಿದ್ದಾರೆ. ಹುಡುಗನ ನಟನೆ ಕಂಡಾಗ ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಕಲಕುವುದು ಬೇರೆ, ಸಂಶಯ ಹುಟ್ಟಿಸುವುದು ಬೇರೆ. ಇಷ್ಟೆಲ್ಲ ನೀರು ನೋಡಿದ ಪ್ರೇಕ್ಷಕ ಅಷ್ಟು ಹೊತ್ತಿಗೆ ತೀರ್ಪು ಕೊಟ್ಟಾಗಿರುತ್ತದೆ. ಮಾರ್ಟೆಲ್ ನಮ್ಮನ್ನು ನ್ಯಾಯಾಧೀಶರಾಗಿ ಕೂರಿಸಿದ್ದ, ಆಂಗ್ ಲೀ ಪ್ರತ್ಯಕ್ಷದರ್ಶಿಗಳಾಗಿ ಕೂರಿಸಿದರು. ತಂತ್ರ ಸೋತದ್ದರಿಂದ ಆದ ನಷ್ಟ ಇದಲ್ಲ, ತಂತ್ರ ಪೂರಾ ಗೆದ್ದದ್ದರಿಂದ ಆದದ್ದು.

ಚಿತ್ರ ನೋಡಿ ಪುಸ್ತಕ ಬಿಟ್ಟವರು ನಮ್ಮಲ್ಲಿ ಕೆಲವರಾದರೂ ಇದ್ದೀರಿ. ಕೊನೆಯ ಭಾಗವನ್ನಷ್ಟೇ ಓದಿ, ಒಂದೇ ಸಂಜೆಯ ಕೆಲಸ. ಅಡುಗೆಮನೆಯಲ್ಲಿ ಬಾಳೆಹಣ್ಣಿದ್ದರೆ ಸಿಂಕಿನಲ್ಲಿ ಬಿಟ್ಟೂ ನೋಡಿ. ಆಮೇಲೆ ಯಾವ ಕತೆ ನಂಬುತ್ತೀರೋ ಬರೆದು ತಿಳಿಸಿ.