ಚಟ, ಗ್ರಾಹಕ, ವ್ಯಸನ: ತಂಬಾಕನ್ನು ಕುರಿತ ಭಾಷೆಯ ವಿಮರ್ಶೆ

ತಂಬಾಕಿನ ವಿಷಯದಲ್ಲಿ ಕನ್ನಡದ ಬರಹವು ಬಹುಮಟ್ಟಿಗೆ ನೀತಿಬೋಧೆಯನ್ನೇ ಆಶ್ರಯಿಸಿದೆ. ಶಾಲೆಯ ಪ್ರಬಂಧಗಳಲ್ಲಿ ಅದು ‘ದುಶ್ಚಟ’, ಬಿಡಲಾರದವನು ಮನೋದಾರ್ಢ್ಯವಿಲ್ಲದವನು. ಆದರೆ ಮಿದುಳಿನ ಶಾಸ್ತ್ರವು ತಿಳಿಸಿರುವ ಸಂಗತಿಗಳೊಡನೆ ಹೋಲಿಸಿದರೆ, ಪ್ರಬಂಧದ ಭಾಷೆಗಿಂತ ಆಡುಮಾತೇ ಸತ್ಯಕ್ಕೆ ಸಮೀಪವಾಗಿರುವುದು ಕಂಡುಬರುತ್ತದೆ.

ಬಾಗಲಕೋಟೆ ಸೀಮೆಯಲ್ಲಿ, ತುಳಸಿಗೇರಿಯಂತಹ ಊರುಗಳಲ್ಲಿ, ತಂಬಾಕಿಗೆ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ ಬಾಯಿಗಿಡುವುದು ಹಳೆಯ ವಾಡಿಕೆ. ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಬಾಯಿಯ ಒಳಪೊರೆಯನ್ನು ದಾಟಿ ಬೇಗನೆ ರಕ್ತಕ್ಕೆ ಸೇರುವುದು. ಅಲ್ಲಿಯ ಜನರು ‘ಅವಗ ಚಟ ಹತ್ತೇತಿ’ ಎನ್ನುವರು. ಈ ವಾಕ್ಯದಲ್ಲಿ ಕರ್ತೃವು ಚಟ. ಮನುಷ್ಯನು ಚತುರ್ಥಿಯಲ್ಲಿ ನಿಂತಿದ್ದಾನೆ. ಬೆಂಕಿ ಹತ್ತುವಂತೆ ಚಟವೂ ಹತ್ತುವುದು. ಈ ವ್ಯಾಕರಣದಲ್ಲಿ ಒಂದು ವಿವೇಕವಿದೆ.

ನಿಕೋಟಿನ್ ಹತ್ತುವ ಸ್ಥಾನವನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಕೇಂಬ್ರಿಜ್ಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿಯವರು 1905ರಲ್ಲಿ ನಿಕೋಟಿನ್ ಮತ್ತು ಕ್ಯುರಾರೆಗಳ ಪ್ರಯೋಗದಿಂದ, ಜೀವಕೋಶದಲ್ಲಿ ಮದ್ದನ್ನು ಸ್ವೀಕರಿಸುವ ಒಂದು ದ್ರವ್ಯವಿರಬೇಕೆಂದು ಪ್ರತಿಪಾದಿಸಿದರು. ಅದನ್ನೇ ಈಗ ‘ಗ್ರಾಹಕ’ವೆನ್ನುತ್ತಾರೆ. ಪೇಟೆಯಲ್ಲಿ ಈ ಪದಕ್ಕೆ ಕೊಳ್ಳುವವನೆಂಬ ಅರ್ಥವಿರುವುದರಿಂದ ಪಾಠದಲ್ಲಿ ಮೊದಲೇ ವಿವರಿಸತಕ್ಕದ್ದು. ಮಿದುಳಿನ ಈ ಗ್ರಾಹಕಗಳು ಸಹಜವಾಗಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯಕ್ಕಾಗಿ ಇರುವಂಥವು. ಅವುಗಳನ್ನು ನಿಕೋಟಿನ್ ಸೇರಿದಾಗ ಡೋಪಮೈನ್ ಸ್ರವಿಸಿ ‘ಇನ್ನೊಮ್ಮೆ’ ಎಂಬ ಪ್ರೇರಣೆ ಬಲಿಯುತ್ತದೆ. ಗ್ರಾಹಕದ ಬೀಟಾ-2 ಎಂಬ ಘಟಕವಿಲ್ಲದ ಇಲಿಗಳು ನಿಕೋಟಿನನ್ನು ತಾವಾಗಿ ಬಯಸಿ ತೆಗೆದುಕೊಳ್ಳುವುದಿಲ್ಲವೆಂದು 1998ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಇದನ್ನು ವಿವರಿಸುವಾಗ ಬೀಗ ಮತ್ತು ಕೀಲಿಕೈಯ ಉಪಮೆಯನ್ನು ಕೊಡುವುದು ಪದ್ಧತಿ. ಒಂದು ದ್ರವ್ಯದ ಸ್ಥಾನದಲ್ಲಿ ಇನ್ನೊಂದು ಸೇರುವುದನ್ನು ಉಪಮೆಯು ಚೆನ್ನಾಗಿ ತಿಳಿಸುತ್ತದೆ. ಚಟವನ್ನು ಮಾತ್ರ ತಿಳಿಸಲಾರದು. ಕೀಲಿಯನ್ನು ಮತ್ತೆ ಮತ್ತೆ ಹಾಕಿದ ಮಾತ್ರಕ್ಕೆ ಬೀಗವು ಜಡವಾಗದು, ಬಾಗಿಲಲ್ಲಿ ಹೊಸ ಬೀಗಗಳೂ ಮೂಡವು. ಗ್ರಾಹಕಗಳಾದರೋ ನಿಕೋಟಿನ್ ಬಹುಹೊತ್ತು ಇದ್ದಾಗ ಸ್ಪಂದಿಸುವುದನ್ನು ನಿಲ್ಲಿಸುತ್ತವೆ. ಬಳಕೆ ಮುಂದುವರಿದಂತೆ ಅವುಗಳ ಸಂಖ್ಯೆಯೂ ಹೆಚ್ಚುತ್ತದೆ. ರಾತ್ರಿಯ ನಿದ್ರೆಯಲ್ಲಿ ನಿಕೋಟಿನ್ ಇಳಿದಂತೆ ಅವು ಮತ್ತೆ ಎಚ್ಚರಗೊಂಡು ಬೆಳಗಿನ ಚಡಪಡಿಕೆಗೆ ಕಾರಣವಾಗುತ್ತವೆ. ಶಿಶುನಾಳ ಶರೀಫರು (1819–1889) ಗುಡುಗುಡಿಯನ್ನು ಕುರಿತ ತತ್ತ್ವಪದದಲ್ಲಿ ಸೇದುವ ಸಾಧನಗಳನ್ನು ದೇಹಮನಸ್ಸುಗಳಿಗೆ ರೂಪಕವಾಗಿಸಿದರು. ಅಲ್ಲಿ ರೂಪಕವು ರೂಪಕವೆಂದೇ ತಿಳಿಯುವುದು. ಶಾಸ್ತ್ರಬರಹದ ಬೀಗವಾದರೋ ತಾನೇ ವಸ್ತುವೆಂಬ ಭ್ರಮೆಯನ್ನು ಹುಟ್ಟಿಸುವುದು. ಉಪಮೆಯನ್ನು ಕೊಟ್ಟವನು ಅದರ ಎಲ್ಲೆಯನ್ನೂ ಹೇಳಬೇಕು.

ಇಲ್ಲಿ ‘ವ್ಯಸನ’ವೆಂಬ ಪದವು ಹೆಚ್ಚು ಉಚಿತವಾಗಿದೆ. ಸಪ್ತವ್ಯಸನಗಳೆಂಬಲ್ಲಿ ಅದಕ್ಕೆ ಕೆಟ್ಟ ಆಸಕ್ತಿಯೆಂಬ ಅರ್ಥ. ವ್ಯಸನಪಡು ಎಂಬಲ್ಲಿ ದುಃಖವೆಂಬ ಅರ್ಥ. ಬಯಕೆಯೂ ಅಗಲಿಕೆಯ ನೋವೂ ಒಂದೇ ಪದದಲ್ಲಿ ಕೂಡಿವೆ. ಬೆಳಗಿನ ಮೊದಲ ತಂಬಾಕು ಸುಖವನ್ನು ತರುವುದಕ್ಕಿಂತ ಈ ನೋವನ್ನು ಶಮನಗೊಳಿಸುವುದೇ ಹೆಚ್ಚು. ‘ದುಶ್ಚಟ’ವೆಂಬ ಪದದಲ್ಲಿ ನಿಂದೆಯೊಂದೇ ಉಳಿಯುತ್ತದೆ, ನಿಂದೆಗೆ ಅಂಜಿದವನು ನೆರವನ್ನು ಕೇಳಲಾರನು.

ಹಾಗೆಂದು ಶಾಸ್ತ್ರವು ಮನುಷ್ಯನನ್ನು ಗ್ರಾಹಕಗಳ ಸೆರೆಯಾಳೆಂದು ಸಾರುವುದಿಲ್ಲ. ಬಿಟ್ಟವರಲ್ಲಿ ಕೆಲವು ವಾರಗಳಿಂದ ತಿಂಗಳುಗಳೊಳಗೆ ಹೆಚ್ಚಿದ ಗ್ರಾಹಕಗಳು ಮೊದಲಿನ ಪ್ರಮಾಣಕ್ಕೆ ಇಳಿಯುತ್ತವೆ. ಅದೇ ಗ್ರಾಹಕಗಳನ್ನು ಸೇರಿ ಅವನ್ನು ಅರೆಯಾಗಿ ಮಾತ್ರ ಪ್ರಚೋದಿಸುವ ವರೆನಿಕ್ಲಿನ್ ಎಂಬ ಔಷಧವು 2006ರಿಂದ ಬಳಕೆಗೆ ಬಂದಿದೆ. ಹತ್ತಿದ್ದು ಇಳಿಯಬಲ್ಲುದು. ನಿಂದೆಯನ್ನು ತೊರೆದು ಈ ಮಾತನ್ನು ತಿಳಿಗನ್ನಡದಲ್ಲಿ ಹೇಳುವ ಪಾಠವೇ ವಿದ್ಯಾರ್ಥಿಗೂ ಅವನ ಮನೆಯ ಹಿರಿಯರಿಗೂ ಉಪಕಾರಿಯಾದೀತು.