ಎರಡು ಕರಗುವಿಕೆ
ಮಂಜುಗಡ್ಡೆ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಕನ್ನಡಕ್ಕೆ ಒಂದೇ ಮಾತು ಸಾಕು. ಉರ್ದುವಿನಲ್ಲಿ ಹಾಗಲ್ಲ ನೋಡಿ: ಮಂಜುಗಡ್ಡೆಗೆ ‘ಪಿಘಲ್‌ನಾ’, ಅದಕ್ಕೆ ಬಿಸಿ ಬೇಕು, ಸಕ್ಕರೆಗೆ ‘ಘುಲ್‌ನಾ’, ಅದಕ್ಕೆ ನೀರು ಬೇಕು. ವಿಜ್ಞಾನದ ಪಾಠದಲ್ಲಿ ಇದರಿಂದ ತೊಂದರೆಯಿಲ್ಲ, ಸಂದರ್ಭವೇ ಅರ್ಥ ಬಿಡಿಸುತ್ತದೆ. ಕತೆಯ ಅನುವಾದದಲ್ಲಿ ಎಡವುತ್ತೇವೆ. ‘ಅಮ್ಮಿ ಗಮ್ ಮೇಂ ಘುಲ್ತೀ ರಹೀಂ’ ಅನ್ನೋದನ್ನು ನಾನೇ ಒಮ್ಮೆ ‘ಅಮ್ಮಿ ದುಃಖದಲ್ಲಿ ಕರಗಿದರು’ ಅಂತ ಬರೆದಿದ್ದೆ. ಓದಿದವರು ಅಮ್ಮಿಯ ಮನಸ್ಸು ಮೆತ್ತಗಾಯ್ತು ಅಂದುಕೊಂಡರು. ನಿಜವಾಗಿ ಆಕೆ ದಿನದಿನಕ್ಕೂ ಸವೆಯುತ್ತಿದ್ದರು. ಕನ್ನಡದಲ್ಲಿ ‘ಕೊರಗಿ ಸೊರಗಿದರು’ ಇತ್ತಲ್ಲ! ನಾನು ಹುಡುಕಿರಲಿಲ್ಲ, ಅಷ್ಟೇ. ನೀವು ಅನುವಾದಕ್ಕೆ ಕೂತಾಗ ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲಬೇಡಿ. ಕರಗುತ್ತಿರುವುದು ಏನು, ಯಾತರಿಂದ ಅಂತ ಕೇಳಿಕೊಳ್ಳಿ.