ಶರೀಫರ ಪದಗಳೂ ಗಿಟಾರಿನ ಮೇಳವೂ

ಶಿಶುನಾಳದ ಶರೀಫ ಸಾಹೇಬರ ತತ್ವಪದಗಳನ್ನು ಗಿಟಾರು, ಡ್ರಮ್ಮುಗಳ ಮೇಳದಲ್ಲಿ ಹಾಡುವುದು ಯೋಗ್ಯವೋ ಅಯೋಗ್ಯವೋ ಎಂಬ ವಾದವು ಹುಬ್ಬಳ್ಳಿ-ಧಾರವಾಡಗಳ ಸುಶಿಕ್ಷಿತ ಮನೆಗಳಲ್ಲಿ ಆಗಾಗ್ಗೆ ಏಳುವುದುಂಟು. ಹಿರಿಯರು ಅದನ್ನು ಅಪಚಾರವೆನ್ನುತ್ತಾರೆ. ತರುಣರು ಅದರಿಂದಲೇ ಶರೀಫರು ಮತ್ತೆ ಜೀವಂತರಾದರೆನ್ನುತ್ತಾರೆ. ಈ ವಾದಕ್ಕೆ ಮುಖ್ಯ ನಿಮಿತ್ತವಾದವು ಎರಡು ಆಲ್ಬಮ್ಮುಗಳು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ಹೊರತಂದ ‘ಅಂತರಾಗ್ನಿ’ಯಲ್ಲಿ ಎಂಟು ಹಾಡುಗಳಿದ್ದು, ಅವುಗಳಲ್ಲಿ ಎರಡು ಶರೀಫರವು: ಗುಡುಗುಡಿಯ ಪದ ಹಾಗೂ ಸೋರುವ ಮಾಳಿಗೆಯ ಪದ. ಉಳಿದವು ಬಹುಮಟ್ಟಿಗೆ ಹಿಂದಿಯವು, ಒಂದು ಇಂಗ್ಲಿಷಿನದು. 2013ರ ‘ಜಗ್ ಚಂಗಾ’ದಲ್ಲಿ ಲೋಕದ ಕಾಳಜಿಯ ಪದವೂ ಕೋಡಗ-ಕೋಳಿಗಳ ಪದವೂ ಸೇರಿವೆ. ಈ ನಾಲ್ಕು ಪದಗಳನ್ನು ಸಾವಧಾನದಿಂದ ಕೇಳಿ ಗುಣದೋಷಗಳನ್ನು ವಿವೇಚಿಸಿದರೆ, ವಾದವು ನಡೆಯಬೇಕಾದ ಸ್ಥಳವು ಬೇರೆಯೇ ಆಗಿದೆಯೆಂಬುದು ಗೊತ್ತಾಗುತ್ತದೆ.

ಮೊದಲು ವಾದ್ಯದ ಮಾತು. ರಾಕ್ ಎಂಬ ಸಂಗೀತವು 1950ರ ದಶಕದಲ್ಲಿ ಅಮೇರಿಕೆಯಲ್ಲಿ ರೂಪುಗೊಂಡಿತು. ಅಲ್ಲಿಯ ಕರಿಯ ಜನರ ಬ್ಲೂಸ್ ಹಾಡುಗಳೂ ಹಳ್ಳಿಗಾಡಿನ ಹಾಡುಗಳೂ ಅದರ ತಾಯಿಬೇರು. ವಿದ್ಯುತ್ತಿನ ಗಿಟಾರು, ಮಂದ್ರದ ಬಾಸ್ ಗಿಟಾರು, ಡ್ರಮ್ಮುಗಳ ಸಮೂಹ, ಇವು ಅದರ ಅಂಗಗಳು. ಇಂಥ ಮೇಳವು ಕನ್ನಡದ ಪದಕ್ಕೆ ಪರಕೀಯವೆಂಬುದು ಆಕ್ಷೇಪಣೆ. ಆದರೆ ಪರಕೀಯ ಯಂತ್ರವು ಈ ಭಾಗದ ಸಂಗೀತವನ್ನು ಮುಟ್ಟಿದ್ದು ಇದೇ ಮೊದಲಲ್ಲ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ಮಿನಿಟಿನ ಹಾಡು. ಗಂಟೆಗಟ್ಟಲೆ ಬೆಳೆಯಬಲ್ಲ ಖ್ಯಾಲನ್ನು ಅಷ್ಟರಲ್ಲಿ ಅಡಕಮಾಡುವುದೆಂದರೆ ರಾಗದ ಕತ್ತು ಹಿಸುಕಿದಂತೆಯೇ ಸರಿ ಎಂದು ಧ್ವನಿಮುದ್ರಣಕ್ಕೆ ಒಲ್ಲೆನೆಂದ ಉಸ್ತಾದರೂ ಇದ್ದರು. ಆದರೂ 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ (1913-2009) ಕಂಠವು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಿಂದ ಅಂಥ ತಟ್ಟೆಗಳ ಮೇಲೆಯೇ ಊರೂರಿಗೆ ಹೋಯಿತು. ಆಲ್ಬಮ್ ಎಂಬ ಹೆಸರು ಕೂಡ ಆ ಕಾಲದ್ದೇ. ಹಲವು ತಟ್ಟೆಗಳನ್ನು ಪುಸ್ತಕದ ಹಾಳೆಗಳಂತಿರುವ ಚೀಲಗಳಲ್ಲಿಟ್ಟು ಕಟ್ಟಿದ ಸಂಪುಟಕ್ಕೆ ಆ ಹೆಸರಿತ್ತು. 1948ರಲ್ಲಿ ಅಮೇರಿಕೆಯ ಕೊಲಂಬಿಯಾ ಕಂಪನಿಯು ದೀರ್ಘಾವಧಿಯ ತಟ್ಟೆಯನ್ನು ತಂದಾಗ ಸಂಪುಟವೆಲ್ಲ ಒಂದೇ ತಟ್ಟೆಯಲ್ಲಿ ಅಡಗಿತು. ಹೆಸರು ಮಾತ್ರ ಉಳಿಯಿತು. ಇಷ್ಟನ್ನು ಸ್ವೀಕರಿಸಿ ಅರಗಿಸಿಕೊಂಡ ನಾಡು ಗಿಟಾರಿನ ಮುಂದೆ ಮಾತ್ರ ಬಾಗಿಲು ಹಾಕಿಕೊಳ್ಳುವುದಕ್ಕೆ ತಕ್ಕ ಕಾರಣ ಬೇಕಾಗುತ್ತದೆ.

ಕಾರಣವನ್ನು ಶಾಸ್ತ್ರದಲ್ಲಿ ಹುಡುಕಿದರೆ ಅದು ದೊರೆಯುವುದಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗೀತ, ವಾದ್ಯ, ನೃತ್ತ ಈ ಮೂರೂ ಕೂಡಿದ್ದೇ ಸಂಗೀತವೆಂದು ಹೇಳಿ, ವಾದ್ಯವು ಗೀತವನ್ನೂ ನೃತ್ತವು ವಾದ್ಯವನ್ನೂ ಅನುಸರಿಸತಕ್ಕದ್ದೆಂದು ಕ್ರಮವನ್ನು ತಿಳಿಸಿದ್ದಾನೆ. ವಾದ್ಯವು ಯಾವ ದೇಶದ್ದೆಂಬ ಪ್ರಶ್ನೆ ಅಲ್ಲಿಲ್ಲ. ಅದು ಗೀತವನ್ನು ಅನುಸರಿಸುತ್ತದೆಯೋ ಎಳೆದೊಯ್ಯುತ್ತದೆಯೋ ಎಂಬುದೇ ಪ್ರಶ್ನೆ. ಗೀತಕ್ಕೆ ಅವನು ಎರಡು ಅಂಗಗಳನ್ನು ಹೇಳುತ್ತಾನೆ. ಮಾತು ಎಂದರೆ ಸಾಹಿತ್ಯ, ಧಾತು ಎಂದರೆ ಸ್ವರರಚನೆ. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಶರೀಫರು (1819-1889) ನಿಸ್ಸಂಶಯವಾಗಿ ವಾಗ್ಗೇಯಕಾರರು. ಆದರೆ ಅವರ ಪದಗಳು ಬಾಯಿಂದ ಬಾಯಿಗೆ ಬಂದವು. ಏಕತಾರಿ, ದಮ್ಮಡಿ, ತಾಳಗಳ ಭಜನೆಯ ಮೇಳಗಳಲ್ಲಿ ಊರಿಗೊಂದು ಧಾಟಿಯನ್ನು ತಾಳಿದವು. ಮುಂದೆ ಸಿ. ಅಶ್ವತ್ಥರು ಅವಕ್ಕೆ ಹೊಸ ಧಾಟಿಗಳನ್ನು ಕೊಟ್ಟರು. 1990ರಲ್ಲಿ ಟಿ.ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅವರದೇ ಸಂಗೀತ. ಇಂದು ಹಿರಿಯರು ಶರೀಫರ ನಿಜವಾದ ಧಾಟಿಯೆಂದು ತಿಳಿದುಕೊಂಡಿರುವುದು ಎಷ್ಟೋ ಸಲ ಅಶ್ವತ್ಥರ ಧಾಟಿಯೇ ಆಗಿರುತ್ತದೆ. ಆದುದರಿಂದ ಧಾತುವನ್ನು ಬದಲಿಸಿದ ಮಾತ್ರಕ್ಕೆ ಯಾರೂ ಅಪರಾಧಿಗಳಾಗುವುದಿಲ್ಲ. ಅಳಿಯಬಾರದ್ದು ಮಾತು. ಆ ಮಾತು ಕೇಳುಗನ ಮನಸ್ಸಿನವರೆಗೆ ಮುಟ್ಟುತ್ತದೆಯೇ ಎಂಬುದೇ ಈ ನಾಲ್ಕು ಪದಗಳ ಪರೀಕ್ಷೆ.

ಗುಡುಗುಡಿಯ ಪದವು ಸಾವಯವರೂಪಕಕ್ಕೆ ಒಳ್ಳೆಯ ಉದಾಹರಣೆ. ಮನಸ್ಸೇ ಸಂಚಿ, ಮೋಹವೇ ಅದರೊಳಗಿನ ಭಂಗಿ, ನೆನಹೇ ಚಿಲುಮೆ, ಬುದ್ಧಿಯೇ ಬೆಂಕಿ. ಈ ಅವಯವಗಳು ಒಂದರೊಡನೊಂದು ಕೂಡಿದಾಗಲೇ, ಸೇದಬೇಕಾದದ್ದು ಹೊಗೆಯಲ್ಲ, ಸುಡಬೇಕಾದದ್ದು ಮೋಹ ಎಂಬ ಅರ್ಥವು ಹೊಳೆಯುತ್ತದೆ. ರಘು ದೀಕ್ಷಿತರ ಕಂಠವು ಗಟ್ಟಿಯಾದದ್ದು, ಉಚ್ಚಾರ ಸ್ಪಷ್ಟವಾದದ್ದು. ಚರಣಗಳನ್ನು ನುಂಗಿ ಹಾಡುವ ದೋಷ ಅವರಲ್ಲಿಲ್ಲ. ಆದರೆ ಆರಿಸಿಕೊಂಡ ಲಯವು ಚುರುಕಾದದ್ದು. ಅವಯವಗಳು ಕಿವಿಗೆ ಬೀಳುತ್ತವೆ, ಅವುಗಳನ್ನು ಜೋಡಿಸಿಕೊಳ್ಳಲು ವ್ಯವಧಾನ ಸಾಲುವುದಿಲ್ಲ. ಅಷ್ಟರಲ್ಲಿ ಪಲ್ಲವಿ ಮರಳಿ ಬಂದು ಕಾಲು ಕುಣಿಸುತ್ತದೆ. ಪಲ್ಲವಿಯೊಂದನ್ನೇ ಹಿಡಿದುಕೊಂಡವನಿಗೆ ಇದು ಹುಕ್ಕಾ ಸೇದಲು ಕರೆಯುವ ಹಾಡಾಗಿಯೇ ಕೇಳಿಸುತ್ತದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರವು ಹುಕ್ಕಾವನ್ನು ನಿಷೇಧಿಸಿತು. ಅದಕ್ಕೂ ಎಷ್ಟೋ ಮೊದಲು, ಸಂಚಿಯೊಳಗಿನ ವಸ್ತುವನ್ನೇ ಬದಲಿಸಿ ಚಟವನ್ನು ಸಾಧನೆಯಾಗಿ ಮಾಡಿದ ಪದವಿದು. ಅದು ಚಟದ ಹಾಡೆಂದು ಕೇಳಿಸುವಂತಾದರೆ ವಾದ್ಯವು ಗೀತದ ಮುಂದೆ ನಡೆಯಿತೆಂದೇ ಹೇಳಬೇಕು.

ಮಾಳಿಗೆಯ ಪದದಲ್ಲಿ ಮೇಳದ ನಡತೆ ಬೇರೆ. ಅಲ್ಲಿ ಗತಿ ನಿಧಾನವಾದದ್ದು. ವಾದ್ಯಗಳು ಧ್ವನಿಗೆ ಎಡೆಮಾಡಿಕೊಟ್ಟು ಹಿಂದೆ ನಿಲ್ಲುತ್ತವೆ. ಮನೆಯೊಡೆಯನ ಅಸಹಾಯತೆಯು ದನಿಯಲ್ಲಿ ಇಳಿದು ಬರುತ್ತದೆ. ಮೈಸೂರಿನ ಗಾಯಕರು ‘ಮಾಳಿಗಿ’ ಎಂಬ ಧಾರವಾಡದ ಕಡೆಯ ಇಕಾರವನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡದ್ದು ಸಣ್ಣ ಸಂಗತಿಯಾದರೂ ಮೆಚ್ಚತಕ್ಕದ್ದು. ಪದದ ನಾಡು ಅದರ ಶಬ್ದಾಂತ್ಯದಲ್ಲಿಯೇ ಇದೆ. ನಾಲ್ಕರಲ್ಲಿ ಇದೇ ಉತ್ತಮವೆಂದು ನಿರ್ಣಯಿಸಲು ಅಡ್ಡಿಯಿಲ್ಲ.

ಆದರೆ ಇಲ್ಲಿಯೇ ಒಂದು ಕಠಿಣವಾದ ತೊಡಕು ಎದುರಾಗುತ್ತದೆ. ಅದು ಗಾಯಕರದಲ್ಲ, ಕೇಳುಗರದು. ವಾಚ್ಯಾರ್ಥವು ತಿಳಿದ ಮೇಲಲ್ಲವೆ ವ್ಯಂಗ್ಯಾರ್ಥದ ಮಾತು? ವಿದ್ಯಾನಗರದ ಇಲ್ಲವೆ ಸಪ್ತಾಪುರದ ಕಾಂಕ್ರೀಟು ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಮಣ್ಣಿನ ಮಾಳಿಗೆಯ ಪರಿಚಯವಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹೊಸ ಮಣ್ಣು ಹಾಕಿ ಬಡಿಯಬೇಕೆಂಬುದಾಗಲಿ, ಹಾಕದೆ ಉದಾಸೀನ ಮಾಡಿದ ಮನೆಯವರು ಆರಿದ್ರಾ ಮಳೆಯ ರಾತ್ರಿ ತೊಟ್ಟಿಕ್ಕುವಲ್ಲೆಲ್ಲ ಪಾತ್ರೆಯಿಟ್ಟು ಕೂಡಬೇಕಾಗುತ್ತಿತ್ತೆಂಬುದಾಗಲಿ ಅವನಿಗೆ ಗೊತ್ತಿಲ್ಲ. ಸೋರುವಿಕೆಗೆ ಮಳೆಯು ಕಾರಣವಲ್ಲ, ಮಾಡಬೇಕಾದ ಕಾಲದಲ್ಲಿ ಮಾಡದೆ ಬಿಟ್ಟದ್ದೇ ಕಾರಣ ಎಂಬುದು ಈ ಪದದ ಬೆನ್ನೆಲುಬು. ಅಜ್ಞಾನವೂ ಹಾಗೆಯೇ, ಹೊರಗಿನಿಂದ ಬಂದ ಆಪತ್ತಲ್ಲ. ಮಾಳಿಗೆಯನ್ನು ಕಾಣದ ಕೇಳುಗನಿಗೆ ಈ ಹೋಲಿಕೆ ದಕ್ಕುವುದಿಲ್ಲ. ಅವನಿಗೆ ಉಳಿಯುವುದು ಒಂದು ಮಧುರವಾದ ವಿಷಾದ ಮಾತ್ರ. ಏಕತಾರಿಯ ಜೊತೆಗೆ ಹಾಡಿದರೂ ಇದರಲ್ಲಿ ವ್ಯತ್ಯಾಸವಾಗಲಾರದು.

ಲೋಕದ ಕಾಳಜಿಯ ಪದವು ಪರಿಹಾಸದ್ದು. ಊರ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ತನ್ನದನ್ನು ಮರೆತವನಿಗೆ, ಬೇಡವೆನ್ನುವವರಾರು, ಮಾಡಪ್ಪಾ ಎಂಬ ಧಾಟಿಯಲ್ಲಿ ಕೊಟ್ಟ ಚುಚ್ಚು ಅದರಲ್ಲಿದೆ. ಚಾವಡಿಯಲ್ಲಿ ಕೂತ ಹಿರಿಯರು ನಗುನಗುತ್ತ ಆಡುವ ಈ ಮಾತಿಗೆ ಗಂಭೀರವಾದ ವಿಲಂಬಿತವು ಸಲ್ಲದು. ಮೇಳದ ಉಲ್ಲಾಸದ ಗತಿಯು ಇಲ್ಲಿ ಮಾತಿನ ಭಾವಕ್ಕೆ ಒಪ್ಪುತ್ತದೆ. ಗುಡುಗುಡಿಯಲ್ಲಿ ದೋಷವಾದ ವೇಗವೇ ಇಲ್ಲಿ ಗುಣವಾಗಿದೆಯೆಂಬುದನ್ನು ಗಮನಿಸಬೇಕು. ಗತಿಗೆ ಸ್ವತಃ ಗುಣವೂ ಇಲ್ಲ, ದೋಷವೂ ಇಲ್ಲ, ಔಚಿತ್ಯವೇ ಪ್ರಮಾಣ.

ಕೋಡಗ-ಕೋಳಿಗಳ ಪದವು ಬೆಡಗಿನದು. ಅಲ್ಲಮಪ್ರಭುವಿನ ಬೆಡಗಿನ ವಚನಗಳ ಮನೆತನಕ್ಕೆ ಸೇರಿದ್ದು. ಸಣ್ಣದು ದೊಡ್ಡದನ್ನು ನುಂಗುವ ವಿರೋಧಗಳ ಸಾಲು ಮಕ್ಕಳಿಗೂ ನಗು ತರಿಸುತ್ತದೆ. ಆದರೆ ಆ ಸಾಲಿನ ಕೊನೆಯಲ್ಲಿ ಗುರು ಗೋವಿಂದರ ಪಾದವು ಹಾಡುವವನನ್ನೇ ನುಂಗಿಬಿಡುತ್ತದೆ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವೂ ಮುಸಲ್ಮಾನ ಶಿಷ್ಯನೂ ಕೂಡಿದ ಕಥೆಯೆಲ್ಲ ಆ ಒಂದು ತಿರುವಿನಲ್ಲಿದೆ. ಹಿಂದಿನ ವಿನೋದವೆಲ್ಲ ಅಲ್ಲಿಗೆ ಏರುವ ಮೆಟ್ಟಿಲು. ಆಲ್ಬಮ್ಮಿನಲ್ಲಿ ವಿನೋದಕ್ಕೆ ದೊರೆತಷ್ಟು ಅವಕಾಶವು ಈ ತಿರುವಿಗೆ ದೊರೆತಿಲ್ಲ. ಮೇಳವು ಅಲ್ಲಿ ಒಂದು ಕ್ಷಣ ತಡೆದು ನಿಂತಿದ್ದರೆ ಬೇರೆ ಮಾತಾಗುತ್ತಿತ್ತು. ಹಾಗೆಂದು ಇದು ರಾಕ್ ಮೇಳದ ವಿಶೇಷ ದೋಷವೆನ್ನಲಾಗದು. ಹಾರ್ಮೋನಿಯಮ್ಮು, ತಬಲಾಗಳ ಸುಗಮ ಸಂಗೀತದ ಸಭೆಗಳಲ್ಲಿಯೂ ಚಪ್ಪಾಳೆಯು ಕೋಳಿಯ ಪಾಲಿಗೆ ಬರುವುದೇ ಹೆಚ್ಚು.

2010ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದ ಪ್ರಸಿದ್ಧ ಸಂಗೀತ ಕಾರ್ಯಕ್ರಮವೊಂದರಲ್ಲಿ ರಘು ದೀಕ್ಷಿತರ ಮೇಳವು ಹಾಡಿತು. 2011ರಲ್ಲಿ ಅಲ್ಲಿಯ ‘ಸಾಂಗ್‌ಲೈನ್ಸ್’ ಪತ್ರಿಕೆಯು ಹೊಸಬರಿಗೆ ಕೊಡುವ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯಿದು. ಕನ್ನಡವರಿಯದ ಜನ ಮೆಚ್ಚಿದರೆಂಬುದು ಧಾತುವಿನ ಬಲಕ್ಕೆ ಸಾಕ್ಷಿ. ಆದರೆ ಮಾತಿನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ; ಲಂಡನ್ನಿನ ಕೇಳುಗನಿಗೆ ಕನ್ನಡದ ಮಾತು ನಾದವೊಂದೇ ಆಗಿರುತ್ತದೆ, ಹಾಗಿರುವುದು ಸಹಜ. ಹುಬ್ಬಳ್ಳಿಯ ಕೇಳುಗನೂ ಹಾಗೆಯೇ ಕೇಳತೊಡಗಿದನೆಂದರೆ ಮಾತ್ರ ಚಿಂತೆಗೆ ಕಾರಣವಿದೆ. ಶಿಶುನಾಳವು ಇಲ್ಲಿಂದ ದೂರದ ಊರಲ್ಲ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಶರೀಫರ ನುಡಿಯೆಂದರೆ ಈ ಭಾಗದ ಅಡುಗೆಮನೆಯ, ಹೊಲದ, ಚಾವಡಿಯ ನುಡಿ. ಆ ನುಡಿಗೆ ಈ ಮನೆಗಳ ಮಕ್ಕಳೇ ಪರದೇಶಿಗಳಾದರೆ ಯಾವ ಪ್ರಶಸ್ತಿಯೂ ಆ ನಷ್ಟವನ್ನು ತುಂಬಿಕೊಡಲಾರದು.

ಹಿರಿಯರ ಕಡೆಗೂ ಒಂದು ಮಾತು ಸಲ್ಲಬೇಕು. 1965ರಲ್ಲಿ ಅಮೇರಿಕೆಯ ನ್ಯೂಪೋರ್ಟ್ ಊರಿನ ಜಾನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ನನು ವಿದ್ಯುತ್ತಿನ ಗಿಟಾರನ್ನು ಹಿಡಿದು ವೇದಿಕೆಗೆ ಬಂದಾಗ ಸಭಿಕರಲ್ಲಿ ಹಲವರು ಕೂಗಿ ಪ್ರತಿಭಟಿಸಿದರು. 2016ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂತು. ವಾದ್ಯವನ್ನು ಕಂಡೇ ಕಿವಿ ಮುಚ್ಚಿಕೊಂಡವರಿಗೆ ಮಾತಿನ ಗುಣವು ತಿಳಿಯುವ ಸಂಭವವಿಲ್ಲ. ಗಿಟಾರಿನ ದನಿ ಕೇಳಿದೊಡನೆ ಯಂತ್ರವನ್ನು ನಿಲ್ಲಿಸುವ ಅಜ್ಜನೂ, ಪಲ್ಲವಿಯನ್ನಷ್ಟೇ ಗುನುಗುವ ಮೊಮ್ಮಗನೂ ಚರಣದವರೆಗೆ ಹೋಗದವರೇ.

ಭಜನೆಯ ಮೇಳದಲ್ಲಿ ಪದವನ್ನು ಹಾಡಿದ ಮೇಲೆ ಅದನ್ನು ಬಿಡಿಸಿ ಹೇಳುವ ಹಿರಿಯನೊಬ್ಬನಿರುತ್ತಿದ್ದನು. ಆಲ್ಬಮ್ಮಿನಲ್ಲಿ ಅವನಿಗೆ ಸ್ಥಳವಿಲ್ಲ. ಆದರೆ ಅವನ ಕೆಲಸವನ್ನು ಸ್ವಲ್ಪಮಟ್ಟಿಗೆ ಅಚ್ಚಿನ ಹಾಳೆಯು ಮಾಡಬಲ್ಲದು. 1967ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಮೇಳವು ತನ್ನ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನ ಹೊದಿಕೆಯ ಮೇಲೆಯೇ ಹಾಡುಗಳ ಮಾತನ್ನೆಲ್ಲ ಅಚ್ಚುಮಾಡಿಸಿತ್ತು. ಕೇಳುಗರು ಓದುತ್ತ ಕೇಳಿದರು. ಇಂದು ಹಾಡುಗಳು ಫೋನಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಹೊದಿಕೆಯೂ ಇಲ್ಲ, ಹಾಳೆಯೂ ಇಲ್ಲ. ಈ ಕೊರತೆಯನ್ನು ತುಂಬುವುದು ಸಾಹಿತ್ಯ ಸಂಘಗಳಿಂದ ಆಗತಕ್ಕ ಕೆಲಸ. ಆಲ್ಬಮ್ಮುಗಳಲ್ಲಿ ಬಂದ ಪದಗಳನ್ನು ಎಲ್ಲ ಚರಣಗಳೊಡನೆ, ಮಾಳಿಗೆ, ಸಂಚಿ, ಚಿಲುಮೆಗಳಂಥ ಶಬ್ದಗಳ ಟಿಪ್ಪಣಿಯೊಡನೆ, ನಾಲ್ಕಾರು ಪುಟಗಳ ಪುಸ್ತಿಕೆಯಾಗಿ ಅಚ್ಚುಹಾಕಿಸಿ ಶಾಲೆಗಳಿಗೂ ಮನೆಗಳಿಗೂ ಮುಟ್ಟಿಸಿದರೆ ಹೆಚ್ಚಿನ ವೆಚ್ಚವೇನೂ ತಗಲದು.

ಮನೆಗಳಲ್ಲಿ ಆಗತಕ್ಕದ್ದು ಇನ್ನೂ ಸುಲಭ. ಹುಡುಗರು ಹಾಡನ್ನು ಹಚ್ಚಿದಾಗ ಹಿರಿಯರು ಎದ್ದು ಹೋಗದೆ ಕೊನೆಯವರೆಗೆ ಕೂತು ಕೇಳಲಿ; ಮುಗಿದ ಮೇಲೆ ಮಾಳಿಗೆ ಹೇಗಿರುತ್ತಿತ್ತು, ಏಕೆ ಸೋರುತ್ತಿತ್ತು ಎಂಬುದನ್ನು ತಿಳಿಸಲಿ. ಹಾಡು ಮನೆಯವರೆಗೆ ಬಂದಿದೆ. ರಘು ದೀಕ್ಷಿತರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಉಳಿದ ಅರ್ಧವು ಕೇಳುವವರ ಕೆಲಸ.